ಕಿರುತೆರೆಯ ಕಥನಕಲೆ: ತಂತಿಯಿಂದ ಅಂತರ್ಜಾಲಕ್ಕೆ

ಕಥೆಯು ತಾನು ಹರಿದುಬರುವ ಕಾಲುವೆಯ ಆಕಾರವನ್ನು ತಾಳುವುದು ಸಹಜ. ಬಯಲಾಟಕ್ಕೆ ಇರುಳೇ ಅಳತೆಯಾಗಿದ್ದಿತು. ಪತ್ರಿಕೆಯ ಕಾದಂಬರಿಗೆ ಸಂಚಿಕೆಯ ಪುಟಗಳೇ ಅಳತೆ. ಅಂತೆಯೇ ಕೇಬಲ್ ದೂರದರ್ಶನದ ಧಾರಾವಾಹಿಗೆ ದಿನದ ಅರ್ಧ ಘಂಟೆಯೂ ನಡುನಡುವಿನ ಜಾಹೀರಾತುಗಳೂ ಅಳತೆಯಾದುವು. ಇಂದು ಅನೇಕರು ಕೇಬಲನ್ನು ತೊರೆದು ಓ.ಟಿ.ಟಿ. ವೇದಿಕೆಗಳನ್ನು ಆಶ್ರಯಿಸುತ್ತಿರಲಾಗಿ, ಇದರಿಂದ ಕನ್ನಡ ಕಥನಕ್ಕೆ ಒದಗಿದ ಲಾಭನಷ್ಟಗಳು ವಿಚಾರಾರ್ಹವಾಗಿವೆ.

ಲಾಭವು ಸ್ಪಷ್ಟವಾದುದು. ದಿನವಹಿ ಧಾರಾವಾಹಿಗೆ ಮುಗಿಯುವ ಹಕ್ಕೇ ಇಲ್ಲ. ಪ್ರೇಕ್ಷಕರ ಎಣಿಕೆ ಇಳಿಯುವವರೆಗೆ ಅದು ಬೆಳೆಯಬೇಕು. ಆದುದರಿಂದಲೇ ಒಂದು ಮಾತಿಗೆ ಹತ್ತು ಮುಖಗಳ ವಿಸ್ಮಯವನ್ನು ತೋರಿಸುವ ಅತಿವಿಸ್ತರಣ. ಅಂತರ್ಜಾಲದಲ್ಲಿಯಾದರೋ ಕಥೆಯು ತನ್ನ ಮಿತಿಯನ್ನು ತಾನೇ ಗೊತ್ತುಮಾಡಿಕೊಳ್ಳಬಹುದು. 1980ರ ದಶಕದಲ್ಲಿ ಶಂಕರನಾಗರು ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಈ ಮಿತತ್ವಕ್ಕೆ ಮೇಲ್ಪಂಕ್ತಿ. ಆದರೆ ಅದು ಹಿಂದಿ ಇಂಗ್ಲಿಷುಗಳಲ್ಲಿ ಮಾತನಾಡಿತು.

ಕರಾವಳಿಯ ಏಳು ಬಿಡಿಕಥೆಗಳ ‘ಏಕಂ’ ಕನ್ನಡದಲ್ಲಿಯೇ ಅಂತಹ ಪ್ರಯತ್ನವನ್ನು ಮಾಡಿತು. ಸುಮಂತ್ ಭಟ್ ಮತ್ತು ಸಂದೀಪ್ ಪಿ. ಎಸ್. ಇವರು ರೂಪಿಸಿದ, ರಕ್ಷಿತ್ ಶೆಟ್ಟಿಯವರ ಸಂಸ್ಥೆಯ ಈ ಕೃತಿಯನ್ನು ಕೊಳ್ಳುವ ವೇದಿಕೆ ದೊರೆಯಲಿಲ್ಲ. ಕಡೆಗೆ 2024ರ ಜುಲೈ ತಿಂಗಳಲ್ಲಿ ಅದು ತನ್ನದೇ ಜಾಲತಾಣದಲ್ಲಿ ಪ್ರಕಟವಾಯಿತು. ಮಿತಿಯ ಸ್ವಾತಂತ್ರ್ಯವನ್ನು ಕೊಟ್ಟ ಮಾರ್ಗವೇ ಬಾಗಿಲನ್ನು ಮುಚ್ಚಿದಂತಾಯಿತು.

ಇಲ್ಲಿ ತಾರ್ಕಿಕರು ಹೇಳುವ ಅನ್ಯೋನ್ಯಾಶ್ರಯ ದೋಷವಿದೆ. ಕನ್ನಡಕ್ಕೆ ಚಂದಾದಾರರಿಲ್ಲವೆಂದು ವೇದಿಕೆಗಳು ಕೃತಿಗಳನ್ನು ಕೊಳ್ಳವು. ಕೃತಿಗಳಿಲ್ಲವೆಂದು ಚಂದಾದಾರರು ಸೇರರು. ಕೇಬಲಿನಲ್ಲಿ ಈ ತೊಡಕು ಇಷ್ಟು ತೀವ್ರವಾಗಿರಲಿಲ್ಲ. ಒಂದೇ ತಿಂಗಳ ಹಣಕ್ಕೆ ಕನ್ನಡದ ವಾಹಿನಿಯೂ ಮನೆಗೆ ಬರುತ್ತಿದ್ದಿತು. 1994ರಲ್ಲಿ ಮೊದಲಾದ ಉದಯ ಟಿ.ವಿ.ಯನ್ನು ಅಜ್ಜಿಯೂ ಮೊಮ್ಮಗಳೂ ಒಂದೇ ಹೊತ್ತಿನಲ್ಲಿ ನೋಡಿ, ಮರುದಿನ ನೆರೆಮನೆಯವರೊಡನೆ ಅದೇ ಕಥೆಯನ್ನು ವಿಮರ್ಶಿಸುತ್ತಿದ್ದರು. ಆ ಸಾಮಾನ್ಯ ರಸಗೋಷ್ಠಿ, ಕೃತಿಗಳ ದೋಷಗಳೇನೇ ಇರಲಿ, ಅಲ್ಪವಾದುದಲ್ಲ. ಇಂದು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ತೆರೆ.

ಆದರೂ ಹಳೆಯ ತಂತಿಗಾಗಿ ಹಲುಬುವುದು ವಿವೇಕವಲ್ಲ. ಅದೇ ಧಾರಾವಾಹಿಗಳು ಇಂದು ಅಂತರ್ಜಾಲದಲ್ಲಿಯೂ ದೊರೆಯುತ್ತಿರುವುದರಿಂದ, ಕಾಲುವೆ ಹೊಸದಾದ ಮಾತ್ರಕ್ಕೆ ನೀರು ತಿಳಿಯಾಗದೆಂಬುದೂ ಸಿದ್ಧವಾಗಿದೆ. ಚಂದಾದಾರರ ಬಲದಿಂದಲೇ ಬಾಳಿದ ಪತ್ರಿಕೆಗಳ ಚರಿತ್ರೆ ಕನ್ನಡಿಗರಿಗೆ ಅಪರಿಚಿತವಲ್ಲ. ಒಳ್ಳೆಯ ಕಥೆಗೆ ಹಣ ತೆತ್ತು ನೋಡುವ ಸಹೃದಯರು ಹೆಚ್ಚಿದಲ್ಲದೆ ಆ ಅನ್ಯೋನ್ಯಾಶ್ರಯವು ಮುರಿಯದು.