ಕೇಳುವವನ ಮುಖ

ಈ ವಾರ ಸೌಂಡ್‌ಬಾರ್ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅದು ಕಾಯಲಿ. ಅಗ್ಗದ ಡಬ್ಬಿಗೂ ದುಬಾರಿ ಡಬ್ಬಿಗೂ ಚೆನ್ನೈ ಫ್ಲಾಟಿನಲ್ಲಿ ಎದುರಾಳಿ ಒಬ್ಬನೇ: ಪಕ್ಕದ ಮನೆಯ ಮಿಕ್ಸಿ. ನನ್ನ ಹಳೇ ಜಗಳವನ್ನೇ ಮುಂದುವರಿಸುತ್ತೇನೆ. ನಾಟಕ ಚಿತ್ರೀಕರಿಸುವವರು ಮೊದಲು ಕತ್ತರಿ ಕೆಳಗಿಡಬೇಕು.

ಐದಾರು ಕ್ಯಾಮೆರಾ ನೆಟ್ಟು, ಮಾತಾಡುವ ಬಾಯಿಂದ ಮಾತಾಡುವ ಬಾಯಿಗೆ ಹಾರುವ ಪಂಥವೇ ಈಗ ಎಲ್ಲೆಡೆ ಗೆದ್ದಿದೆ. ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಿಂದಲೇ ತನ್ನ ನಾಟಕಗಳನ್ನು ಸಿನಿಮಾ ಮಂದಿರಗಳಿಗೆ ಹರಿಸುತ್ತಿತ್ತು. 2020ರ ಏಪ್ರಿಲ್‌ನಿಂದ, ಲಾಕ್‌ಡೌನಿನಲ್ಲಿ, ಗುರುವಾರ ಗುರುವಾರ ಯೂಟ್ಯೂಬಿನಲ್ಲಿ ಪುಕ್ಕಟೆ ಬಿಟ್ಟಿತು. ಅಲ್ಲಿಯ ಸಂಜೆ ಏಳೆಂದರೆ ನಮ್ಮ ರಾತ್ರಿ ಹನ್ನೊಂದೂವರೆ. ನಿದ್ದೆಗೆಟ್ಟು ನೋಡಿದೆ. ಕೆಲಸ ಅಚ್ಚುಕಟ್ಟು, ಇಲ್ಲವೆನ್ನುವುದಿಲ್ಲ. ‘ಫ್ರಾಂಕನ್‌ಸ್ಟೈನ್’ನಲ್ಲಿ ಕಂಬರ್‌ಬ್ಯಾಚ್ ಮತ್ತು ಜಾನಿ ಲೀ ಮಿಲ್ಲರ್ ಪಾತ್ರ ಅದಲುಬದಲು ಮಾಡಿಕೊಂಡ ಎರಡೂ ಪ್ರದರ್ಶನಗಳು ಸಿಕ್ಕವು, ಲಂಡನ್ನಿನಲ್ಲಾದರೆ ಎರಡು ಟಿಕೆಟ್ ಕೊಳ್ಳಬೇಕಿತ್ತು. ಆದರೆ ಒಬ್ಬ ಮಾತಾಡುವಾಗ ಇನ್ನೊಬ್ಬ ಏನು ಮಾಡುತ್ತಿದ್ದ? ಅದನ್ನು ನೋಡುವುದೂ ಬಿಡುವುದೂ ನನ್ನಿಷ್ಟ. ಸಂಕಲನಕಾರನಿಗೆ ಆ ಅಧಿಕಾರ ಕೊಟ್ಟವರ್ಯಾರು?

ಈ ಸಿಟ್ಟು ಆರಲೆಂದೇ ಮೊನ್ನೆ ‘ಸಂಸ್ಕಾರ’ ಹಾಕಿಕೊಂಡು ಕೂತೆ. ಅದು ಸಿನಿಮಾ, ನಾಟಕವಲ್ಲ ಎಂದು ತಕರಾರು ತೆಗೆಯುವವರು ಅದರಲ್ಲಿ ಯಾರ್‍ಯಾರಿದ್ದಾರೆಂದು ಸ್ವಲ್ಪ ನೋಡಲಿ. ಚಿತ್ರೀಕರಣ ಮಲೆನಾಡಿನದು, ಬಸಿರು ಮಾತ್ರ ಮದರಾಸಿನದು. ಚಿತ್ರಕಥೆ ಬರೆದು ಮುಖ್ಯಪಾತ್ರ ವಹಿಸಿದ ಗಿರೀಶ ಕಾರ್ನಾಡರು ಆಗ ಇಲ್ಲಿಯ ಆಕ್ಸ್‌ಫರ್ಡ್ ಪ್ರೆಸ್ಸಿನಲ್ಲಿ ನೌಕರಿ ಮಾಡುತ್ತ ಮದ್ರಾಸ್ ಪ್ಲೇಯರ್ಸ್ ಜತೆ ನಾಟಕವಾಡುತ್ತಿದ್ದವರು. ಸ್ನೇಹಲತಾ ರೆಡ್ಡಿ, ಲಕ್ಷ್ಮೀ ಕೃಷ್ಣಮೂರ್ತಿ ಅದೇ ಬಳಗ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ; ಕಲಾ ನಿರ್ದೇಶಕ ಎಸ್.ಜಿ. ವಾಸುದೇವ್ ಚೋಳಮಂಡಲ ಕಲಾಗ್ರಾಮದ ಚಿತ್ರಕಾರ. ಇಂಗ್ಲಿಷ್ ನಾಟಕವಾಡುತ್ತಿದ್ದ ಗುಂಪೊಂದು ಕನ್ನಡದ ಹೊಸ ಅಲೆ ಎಬ್ಬಿಸಿತು. ಮದರಾಸಿನ ಸೆನ್ಸಾರ್ ಮಂಡಳಿ ತಡೆಹಿಡಿದ ಚಿತ್ರಕ್ಕೆ ಕೇಂದ್ರ ದಾರಿ ಬಿಟ್ಟಿತು, 1970ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು.

ನನಗೆ ಬೇಕಾದ ದೃಶ್ಯ ಮೊದಲ ಭಾಗದಲ್ಲೇ ಇದೆ. ಆಚಾರಗೆಟ್ಟ ಬ್ರಾಹ್ಮಣ ನಾರಣಪ್ಪ ಸತ್ತಿದ್ದಾನೆ. ಹೆಣದ ಸಂಸ್ಕಾರವಾಗದೆ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ, ಸಂಸ್ಕಾರ ಮಾಡಲು ಯಾರೂ ಮುಂದೆ ಬರುವುದಿಲ್ಲ. ಖರ್ಚಿಗೆಂದು ಅವನ ಜತೆ ಬಾಳಿದ ಚಂದ್ರಿ ಮೈಮೇಲಿನ ಚಿನ್ನ ಬಿಚ್ಚಿಡುತ್ತಾಳೆ. ಅವಳನ್ನು ಬಿಡಿ, ಅಗ್ರಹಾರದ ಹಿರಿಯ ಪಂಡಿತ ಪ್ರಾಣೇಶಾಚಾರ್ಯರನ್ನೂ ಬಿಡಿ. ಸುತ್ತ ಕೂತವರನ್ನು ನೋಡಿ. ಹಸಿವು, ಆಸೆ, ಮಡಿ ಮೂರೂ ಒಂದೇ ಮುಖದಲ್ಲಿ ಹೊಯ್ದಾಡುತ್ತವೆ. ದಾಶರಥಿ ದೀಕ್ಷಿತರ ದಾಸಾಚಾರ್ಯನಿಗಾಗಿ ಒಮ್ಮೆ, ಉಳಿದವರಿಗಾಗಿ ಇನ್ನೊಮ್ಮೆ ಹಿಂದಕ್ಕೆ ತಿರುಗಿಸಿ ನೋಡಬಹುದು. ದೊಡ್ಡ ಪರದೆಯೇ ದೇವರೆನ್ನುವ ಭಕ್ತಮಂಡಳಿಗೆ ರಿಮೋಟಿನ ಈ ಸುಖ ಗೊತ್ತಿಲ್ಲ.

ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಸಂಭಾಷಣೆಯ ಹಗ್ಗ ಹಿಡಿದು ಓಡುವ ಚಟ ಆ ಕ್ಯಾಮೆರಾಕ್ಕೆ ಇಲ್ಲದಿರುವುದು ಕನ್ನಡ ಅವರ ಭಾಷೆಯಲ್ಲದ್ದರಿಂದಲೇ ಎಂಬುದು ನನ್ನ ತರ್ಕ. ಸಾಕ್ಷಿ ಕೇಳಬೇಡಿ.

ಇದೇ ಮದ್ರಾಸ್ ಪ್ಲೇಯರ್ಸ್ 1972ರ ಡಿಸೆಂಬರಿನಲ್ಲಿ ಎಗ್ಮೋರಿನ ಮ್ಯೂಸಿಯಂ ಥಿಯೇಟರಿನಲ್ಲಿ ಕಾರ್ನಾಡರ ‘ಹಯವದನ’ವನ್ನು ಇಂಗ್ಲಿಷಿನಲ್ಲಿ ಆಡಿದರು. ತಲೆಗಳು ಅದಲುಬದಲಾಗುವ ಆ ನಾಟಕದಲ್ಲಿ ಕಥೆ ಹಾಡಿ ಹೇಳುವ ಭಾಗವತ ಹೆಚ್ಚು ಹೊತ್ತು ರಂಗದ ಮೇಲೆಯೇ ಇದ್ದು ಎಲ್ಲವನ್ನೂ ನೋಡುವವನು. ಇಂದಿನ ಸಂಕಲನಕಾರನ ಕೈಗೆ ಸಿಕ್ಕರೆ ಅವನು ಹಾಡುವಾಗ ಮಾತ್ರ ಕಂಡು ಮಾಯವಾಗುತ್ತಾನೆ. ಅಂದು ಯಾರಾದರೂ ಹಿಂದಿನ ಸಾಲಿನಲ್ಲಿ ಒಂದೇ ಒಂದು ಕ್ಯಾಮೆರಾ ನಿಲ್ಲಿಸಿ ಪೂರ್ತಿ ನಾಟಕ ಹಿಡಿದಿಟ್ಟಿದ್ದರೆ, ಆ ರೀಲಿಗೆ ಹೇಳಿದಷ್ಟು ಬೆಲೆ ಕೊಟ್ಟೇನು. ಶಬ್ದ ಇಲ್ಲದಿದ್ದರೂ ಚೌಕಾಸಿ ಮಾಡುವುದಿಲ್ಲ.