ಪಬ್ಲಿಕನ್: ಸುಂಕದ ಕಟ್ಟೆಯಿಂದ ಪಾನಗೃಹಕ್ಕೆ

ಶಬ್ದಗಳ ಚರಿತ್ರೆಯಲ್ಲಿ ಆಸಕ್ತಿಯುಳ್ಳವರಿಗೆ ಇಂಗ್ಲಿಷಿನ ‘ಪಬ್ಲಿಕನ್’ ಎಂಬ ಮಾತು ಬಹುಕಾಲ ಮೆಲುಕು ಹಾಕಬಹುದಾದ ವಸ್ತು. ಬೈಬಲ್ಲಿನ ಹಳೆಯ ಅನುವಾದಗಳಲ್ಲಿ ಅದರ ಅರ್ಥ ಸುಂಕ ವಸೂಲು ಮಾಡುವವನೆಂದು. ಇಂದಿನ ಇಂಗ್ಲೆಂಡಿನಲ್ಲಿ ಪಾನಗೃಹದ ಯಜಮಾನನೆಂದು.

ಲ್ಯಾಟಿನ್ನಿನಲ್ಲಿ ‘ಪಬ್ಲಿಕುಮ್’ ಎಂದರೆ ಸಾರ್ವಜನಿಕ ಸ್ವತ್ತು, ರಾಜ್ಯದ ಆದಾಯ. ಅದರ ವ್ಯವಹಾರವನ್ನು ಗುತ್ತಿಗೆ ಹಿಡಿದವನು ‘ಪಬ್ಲಿಕಾನುಸ್’. ವಿಸ್ತಾರವಾದ ಅಧಿಕಾರಿವರ್ಗವಿಲ್ಲದ ರೋಮ್ ಗಣರಾಜ್ಯವು ಸೈನ್ಯಕ್ಕೆ ಸಾಮಗ್ರಿ ಒದಗಿಸುವುದರಿಂದ ಹಿಡಿದು ಕರವೆತ್ತುವವರೆಗಿನ ಹಲವು ಕಾರ್ಯಗಳನ್ನು ಇಂಥವರಿಗೆ ಹರಾಜಿನಲ್ಲಿ ಒಪ್ಪಿಸುತ್ತಿದ್ದಿತು. ಕ್ರಿ.ಪೂ. 123ರ ಸುಮಾರಿಗೆ ಗಾಯಸ್ ಗ್ರಾಕಸನ ಶಾಸನವು ಏಷ್ಯಾ ಪ್ರಾಂತದ ಕಂದಾಯವನ್ನು ರೋಮಿನಲ್ಲಿಯೇ ಹರಾಜು ಹಾಕುವ ಕಟ್ಟಳೆಯನ್ನು ತಂದ ಮೇಲೆ ಅವರ ಐಶ್ವರ್ಯಕ್ಕೆ ಎಣೆಯಿಲ್ಲದಾಯಿತು. ಒಪ್ಪಿಕೊಂಡ ಮೊತ್ತ ಬೊಕ್ಕಸಕ್ಕೆ ಸಂದ ಮೇಲೆ ಉಳಿದುದೆಲ್ಲ ಗುತ್ತಿಗೆದಾರನ ಲಾಭವಾಗುತ್ತಿದ್ದುದರಿಂದ, ಪ್ರಜೆಯನ್ನು ಹಿಂಡುವ ಪ್ರೇರಣೆ ಆ ವ್ಯವಸ್ಥೆಯ ಒಡಲಿನಲ್ಲಿಯೇ ಅಡಗಿದ್ದಿತು.

ಸುವಾರ್ತೆಗಳ ಗ್ರೀಕ್ ಮೂಲದಲ್ಲಿರುವ ಪದ ‘ತೆಲೋನೆಸ್’. ಕಪೆರ್ನೌಮಿನ ಮತ್ತಾಯನಂಥವನು ರೋಮಿನ ಧನಾಢ್ಯ ಗುತ್ತಿಗೆದಾರನಲ್ಲ, ಸ್ಥಳೀಯ ಸುಂಕದವನು. ಆದರೂ ಲ್ಯಾಟಿನ್ ಅನುವಾದವು ಅವನಿಗೆ ‘ಪಬ್ಲಿಕಾನುಸ್’ ಎಂಬ ಹೆಸರಿತ್ತಿತು, 1611ರ ಇಂಗ್ಲಿಷ್ ಬೈಬಲ್ಲು ಅದನ್ನೇ ಉಳಿಸಿಕೊಂಡಿತು. ಕನ್ನಡ ಬೈಬಲ್ಲಿನಲ್ಲಿ ಅವನು ‘ಸುಂಕದವನು’. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವುದು ವ್ಯರ್ಥವೆಂದು ಗಾದೆಯಿಂದಲೇ ಬಲ್ಲ ನಮ್ಮವರಿಗೆ ಆ ಜನರ ಮೇಲಿದ್ದ ತಿರಸ್ಕಾರದ ಕಾರಣವನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಎರಡನೆಯ ಅರ್ಥವು ಮೊದಲನೆಯದರಿಂದ ಹುಟ್ಟಿದುದಲ್ಲ. ಸರ್ವರಿಗೂ ಬಾಗಿಲು ತೆರೆದ ಪಾನಗೃಹವನ್ನು ಇಂಗ್ಲೆಂಡಿನವರು ‘ಪಬ್ಲಿಕ್ ಹೌಸ್’ ಎಂದರು. ಹದಿನೆಂಟನೆಯ ಶತಮಾನದಲ್ಲಿ ಅದನ್ನು ನಡೆಸುವವನಿಗೆ, ಧರ್ಮಗ್ರಂಥದಿಂದ ಕಿವಿಗೆ ಪರಿಚಿತವಾಗಿದ್ದ ‘ಪಬ್ಲಿಕನ್’ ಎಂಬ ರೂಪವು ಸಲೀಸಾಗಿ ಒದಗಿಬಂದಿತು. ಆದುದರಿಂದ ಹಳೆಯ ಗ್ರಂಥವನ್ನು ಓದುವಾಗ ಅದರ ಕಾಲವನ್ನು ಮೊದಲು ನೋಡಬೇಕು. ಸುವಾರ್ತೆಯಲ್ಲಿ ಬರುವ ಯೆರಿಕೋವಿನ ಸುಂಕದವನಾದ ಜಕ್ಕಾಯನನ್ನು ಪಾನಗೃಹದ ಒಡೆಯನೆಂದು ತಿಳಿದರೆ ಅವನ ಪಶ್ಚಾತ್ತಾಪದ ಕಥೆಯೇ ಅರ್ಥಗೆಡುತ್ತದೆ.

ಇಬ್ಬರಿಗೂ ಒಂದು ಸಾಮ್ಯವುಂಟು: ರಾಜ್ಯದ ಅನುಮತಿಯಿಂದ ಸಾರ್ವಜನಿಕರೊಡನೆ ವ್ಯವಹರಿಸುವ ಖಾಸಗಿ ವ್ಯಕ್ತಿಗಳು ಇವರು. ರೋಮ್ ಮುಖ್ಯವಾಗಿ ತನಗೆ ಸಲ್ಲುವ ಹಣವನ್ನು ಲೆಕ್ಕ ಹಾಕಿತು. ಇಂಗ್ಲೆಂಡ್ 1552ರ ಕಾಯಿದೆಯಿಂದಲೇ ಪಾನಗೃಹದವನಿಂದ ಸುವ್ಯವಸ್ಥೆಗೆ ಜಾಮೀನು ಕೇಳಿತು. ಅನುಮತಿಯೊಡನೆ ಹೊಣೆಯನ್ನೂ ಹೊರಿಸುವ ರಾಜ್ಯದಲ್ಲಿ ಮಾತ್ರ ಇಂಥ ವೃತ್ತಿಗೆ ಮರ್ಯಾದೆ ದೊರಕುವುದೆಂದು ನಾನು ನಂಬಿದ್ದೇನೆ.