ಬಿಚ್ಚುವ ಕೈ, ಕಾಯುವ ಕೈ

ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯಿಂದ ಹಿಡಿದು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಯವರೆಗೆ ಮನೆಯಂಗಳದಲ್ಲಿ ಹಳೆಯ ಡೀಸೆಲ್ ಗಾಡಿ ರಿಪೇರಿ ಮಾಡಿಕೊಳ್ಳುವವರಿಗೆ ಬರವಿಲ್ಲ. ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳ ಜೊತೆ ಬೆಳೆದ ಕೈಗಳಿವು. ಹದಿನಾರರ ಹುಡುಗ ಪೈಪು ಸಡಿಲ ಮಾಡಿ ಏರ್ ತೆಗೆಯುತ್ತಾನೆ. ಸೆಲ್ಫ್ ಬಿಚ್ಚಿ ಬ್ರಷ್ ಬದಲಿಸುತ್ತಾನೆ. ಊರಿಗೆ ಇಬ್ಬರು ಮೂವರಾದರೂ ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಒಂದು ವರ್ಷ ಕಲಿತು ಬಂದವರು ಸಿಗುತ್ತಾರೆ. ನಡುದಾರಿಯಲ್ಲಿ ನಿಂತ ಗಾಡಿಯನ್ನು ತಂತಿ, ಟ್ಯೂಬಿನ ತುಂಡು, ಒಂದು ಪಾನದಲ್ಲಿ (ಸ್ಪ್ಯಾನರ್) ಹೊರಡಿಸಿ ಮನೆ ಮುಟ್ಟಿಸಿದವನ ಹೆಸರು ತಿಂಗಳುಗಟ್ಟಲೆ ಕಟ್ಟೆಯ ಮೇಲಿನ ಮಾತಿನಲ್ಲಿ ಉಳಿಯುತ್ತದೆ.

ಆ ಹೆಸರು ಅವನಿಗೆ ಸಲ್ಲಬೇಕಾದದ್ದೇ. ಆದರೆ ಈ ಕಸುಬಿನ ಇನ್ನರ್ಧಕ್ಕೆ, ಅಂದರೆ ಗಾಡಿ ದಾರಿಯಲ್ಲಿ ನಿಲ್ಲದಂತೆ ಮೊದಲೇ ನೋಡಿಕೊಳ್ಳುವ ಕೆಲಸಕ್ಕೆ, ನಮ್ಮಲ್ಲಿ ಮರ್ಯಾದೆ ಇಲ್ಲ. ಹೊತ್ತಿಗೆ ಸರಿಯಾಗಿ ಬೆಲ್ಟ್ ಬದಲಿಸಿದವನ ಬಗ್ಗೆ ಯಾರೂ ಕತೆ ಹೇಳುವುದಿಲ್ಲ, ಯಾಕೆಂದರೆ ಅಲ್ಲಿ ಏನೂ ನಡೆದಿರುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ. ನಮ್ಮ ಅಂಗಳದ ರಿಪೇರಿ ಬಿಚ್ಚುವುದರಲ್ಲಿ ಪಳಗಿದೆ, ಕಾಯುವುದರಲ್ಲಿ ಸೋತಿದೆ.

ಗಾಡಿಯ ಮಾತು ಮೊದಲು. ಈ ಸೀಮೆಯಲ್ಲಿ ಹಳೆಯ ಡೀಸೆಲ್ ಎಂದರೆ ಟ್ರ್ಯಾಕ್ಸ್, ಕಮಾಂಡರ್ ಜೀಪು, ಸುಮೊ, ಇಂಡಿಕಾ. ಬೆನ್ನು ಉದ್ದವಿರುವ, ಹಿಂದಿನ ಸೀಟು ಮಡಚಿದರೆ ಸಾಮಾನಿಗೆ ಹಜಾರದಷ್ಟು ಜಾಗ ಬಿಡುವ ಎಸ್ಟೇಟ್ ಕಾರುಗಳು ನಮ್ಮ ದೇಶದಲ್ಲಿ ಹೆಚ್ಚು ಓಡಲೇ ಇಲ್ಲ. ಟಾಟಾದವರು 1992ರಲ್ಲಿ ಎಸ್ಟೇಟ್ ಎಂಬ ಹೆಸರಿಟ್ಟೇ ಒಂದನ್ನು ತಂದರು. 1,948 ಸಿಸಿ ಡೀಸೆಲ್ ಎಂಜಿನ್ನಿನ ಆ ಕಾರು ಜನರ ಮನಸ್ಸಿಗೆ ಹತ್ತಲಿಲ್ಲ. 2004ರಲ್ಲಿ ಅವರದೇ, ಅದೇ ಬಗೆಯ ಇಂಡಿಗೊ ಮರೀನಾ ಬಂತು. 2006ರ ಕೇಂದ್ರ ಬಜೆಟ್ಟು ನಾಲ್ಕು ಮೀಟರಿಗಿಂತ ಗಿಡ್ಡ ಇರುವ ಸಣ್ಣ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದ ಮೇಲೆ, ಆ ಅಳತೆ ಮೀರಿದ ಮರೀನಾದಂಥವಕ್ಕೆ ಅಂಗಡಿಯಲ್ಲಿ ಜಾಗ ಕಿರಿದಾಯಿತು. ನನಗೆ ಇದು ಇವತ್ತಿಗೂ ಬೇಸರದ ಸಂಗತಿ. ನಸುಕಿನಲ್ಲಿ ಹಡಗಲಿ ಮಲ್ಲಿಗೆಯ ಬುಟ್ಟಿಗಳನ್ನು ಬಸ್ಸಿಗೆ ಮುಟ್ಟಿಸಿ, ಮಧ್ಯಾಹ್ನ ಬೀಜ ಗೊಬ್ಬರ ತಂದು, ಭರತ ಹುಣ್ಣಿಮೆಗೆ ಮನೆಮಂದಿಯನ್ನೆಲ್ಲ ಮೈಲಾರಕ್ಕೆ ಕರೆದೊಯ್ಯುವ ಒಕ್ಕಲು ಮನೆಗೆ ಇದಕ್ಕಿಂತ ಒಪ್ಪುವ ಕಾರು ಇರಲಿಲ್ಲ.

ಹಳೆಯ ಮರೀನಾವನ್ನು ಇವತ್ತೂ ಓಡಿಸಬಹುದಾದರೆ ಅದಕ್ಕೆ ಕಾರಣ ಅದರ ಹೊಟ್ಟೆಯಲ್ಲಿರುವುದು ಇಂಡಿಕಾದ 1,405 ಸಿಸಿ ಎಂಜಿನ್ನು, ಮೇಲೊಂದು ಟರ್ಬೊ. 1998ರ ಕೊನೆಗೆ ಬಂದ ಇಂಡಿಕಾ ಮುಂದೆ ನಾಡಿನ ಟ್ಯಾಕ್ಸಿಯೇ ಆಗಿಬಿಟ್ಟಿತು. ಆದ್ದರಿಂದ ಫಿಲ್ಟರು, ಬೆಲ್ಟು, ಗ್ಯಾಸ್ಕೆಟ್ಟು ತಾಲ್ಲೂಕು ಕೇಂದ್ರದ ಅಂಗಡಿಯಲ್ಲೇ ಸಿಗುತ್ತವೆ. ಹಿಂದಿನ ಬಾಗಿಲು, ಗಾಜು, ದೀಪ ಬೇಕಾದಾಗ ಮಾತ್ರ ಗುಜರಿ ತಿರುಗಬೇಕು. ಹಳೆಯ ಗಾಡಿ ಕೊಳ್ಳುವವರು ಮೈಬಣ್ಣ ನೋಡುವುದಕ್ಕಿಂತ, ಅದರ ಎಂಜಿನ್ನು ಬೇರೆ ಯಾವ ಗಾಡಿಗಳಲ್ಲಿದೆ ಎಂದು ಕೇಳುವುದು ಮೇಲು.

ಇಂಗ್ಲೆಂಡಿನಲ್ಲಿ 1966ರಿಂದ ಹೇನ್ಸ್ ಹೆಸರಿನ ಕೈಪಿಡಿಗಳು ಬರುತ್ತಿವೆ. ಒಂದು ಕಾರನ್ನು ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಹೆಜ್ಜೆ ಹೆಜ್ಜೆಗೂ ಚಿತ್ರ ಹಾಕಿ ಬರೆದ ಪುಸ್ತಕಗಳು. ಮನೆಯಲ್ಲೇ ಕಾರು ನೋಡಿಕೊಳ್ಳುವ ಅಭ್ಯಾಸ ಅಲ್ಲಿ ಬೇರೂರಿದ್ದರಲ್ಲಿ ಅವುಗಳ ಪಾಲು ದೊಡ್ಡದು. ಆದರೆ ಅಲ್ಲಿನವರ ಚಿಂತೆ ಬೇರೆ. ಅವರ ಕಾರನ್ನು ತಿನ್ನುವುದು ತುಕ್ಕು, ಕಾಡುವುದು ಚಳಿ. ಇಟ್ಟಿಗಿಯ ಬಿಸಿಲಿನಲ್ಲಿ ನಿಂತ ಕಾರಿನ ತಗಡು ಇಪ್ಪತ್ತು ವರ್ಷವಾದರೂ ಗಟ್ಟಿಯಾಗಿರುತ್ತದೆ. ನಮ್ಮ ಗಾಡಿಯ ಹಗೆ ಶಾಖ, ದೂಳು ಮತ್ತು ನೀರು.

ನೀರಿನ ವಿಷಯದಲ್ಲಿ ನಮ್ಮವರು ಮಾಡುವ ತಪ್ಪನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ರೇಡಿಯೇಟರಿಗೆ ಬೋರಿನ ನೀರು ಸುರಿಯುವುದು ಇಲ್ಲಿ ಎಲ್ಲ ಕಡೆಯ ರೂಢಿ. ಈ ಭಾಗದ ಬೋರಿನ ನೀರು ಎಷ್ಟು ಗಡಸು ಎಂಬುದಕ್ಕೆ ಸ್ನಾನದ ಹಂಡೆಯ ಒಳಮೈಗೆ ಕಟ್ಟಿದ ಬಿಳಿ ಪೊರೆಯೇ ಸಾಕ್ಷಿ. ನೀರಿನಲ್ಲಿ ಕರಗಿರುವ ಸುಣ್ಣದಂಶ ತಣ್ಣಗಿದ್ದಾಗ ಸುಮ್ಮನಿರುತ್ತದೆ, ಕಾದಾಗ ಬೇರ್ಪಟ್ಟು ಲೋಹಕ್ಕೆ ಅಂಟುತ್ತದೆ. ಅಂದರೆ ಎಂಜಿನ್ನಿನಲ್ಲಿ ಎಲ್ಲಿ ಅತಿ ಹೆಚ್ಚು ಬಿಸಿಯೋ, ಎಲ್ಲಿಂದ ಶಾಖ ಮೊದಲು ಹೊರಹೋಗಬೇಕೋ, ಅಲ್ಲಿಯೇ ಪೊರೆ ಮೊದಲು ಕಟ್ಟುತ್ತದೆ. ರೇಡಿಯೇಟರಿನ ಸಣ್ಣ ಕೊಳವೆಗಳು ಒಂದೊಂದಾಗಿ ಮುಚ್ಚುತ್ತವೆ. ಚಳಿಗಾಲದಲ್ಲಿ ಏನೂ ಗೊತ್ತಾಗುವುದಿಲ್ಲ. ಏಪ್ರಿಲ್ಲಿನ ಒಂದು ಮಧ್ಯಾಹ್ನ ಐದು ಜನ ಕೂತು ಏರು ಹತ್ತುವಾಗ ಮುಳ್ಳು ಕೆಂಪು ಗೆರೆಗೆ ಹೋಗುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಆಗ ಮೇಸ್ತ್ರಿ ಕೊಡುವ ಮದ್ದು ಇನ್ನೂ ಕೆಟ್ಟದ್ದು. ‘ವಾಲ್ವ್ ತೆಗೆದುಬಿಡ್ರಿ, ಏನೂ ಆಗಂಗಿಲ್ಲ’ ಎನ್ನುತ್ತಾನೆ. ಅವನು ಹೇಳುವ ವಾಲ್ವು ಥರ್ಮೋಸ್ಟಾಟ್. ಎಂಜಿನ್ ಎಂಬತ್ತು ಡಿಗ್ರಿಯ ಆಸುಪಾಸಿಗೆ ಬರುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ಹಿಡಿದಿಡುವುದು ಅದರ ಕೆಲಸ. ಅದನ್ನು ಕಿತ್ತರೆ ಮುಳ್ಳು ಕೆಳಗಿಳಿಯುತ್ತದೆ ನಿಜ, ಮಾಲೀಕನಿಗೆ ಸಮಾಧಾನವೂ ಆಗುತ್ತದೆ. ಆದರೆ ಹೊಲದಿಂದ ಊರಿಗೆ, ಊರಿಂದ ಸಂತೆಗೆ ಓಡುವ ಸಣ್ಣ ಓಡಾಟದಲ್ಲಿ ಎಂಜಿನ್ ಎಂದೂ ಹದಕ್ಕೆ ಕಾಯುವುದೇ ಇಲ್ಲ. ಅರೆಬರೆ ಉರಿದ ಡೀಸೆಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿಯುತ್ತದೆ, ರಿಂಗು ಸವೆಯುತ್ತದೆ, ಕೆಲವು ವರ್ಷದಲ್ಲಿ ಗಾಡಿ ಬೋರಿಗೆ, ಅಂದರೆ ಸಿಲಿಂಡರ್ ಕೊರೆಸುವ ಕೆಲಸಕ್ಕೆ, ಬರುತ್ತದೆ. ಮುಚ್ಚಿದ ಕೊಳವೆಗಳಂತೂ ಮುಚ್ಚಿಯೇ ಇರುತ್ತವೆ. ರೋಗವನ್ನು ಬಿಟ್ಟು ಮುಳ್ಳಿಗೆ ಮದ್ದು ಮಾಡುವ ಈ ರೂಢಿಯನ್ನು ನಾನು ನಾಟಿ ಜಾಣತನ ಎಂದು ಹೊಗಳಲಾರೆ.

ಮಾಡಬೇಕಾದದ್ದಕ್ಕೆ ದೊಡ್ಡ ಖರ್ಚೂ ಇಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಸರಿಸಮ ಬೆರೆಸಿ ತುಂಬಿಸಿ, ಕಂಪನಿ ಹೇಳಿದ ಅವಧಿಗೆ ಬದಲಿಸಿದರೆ ಆಯಿತು. ಕೂಲಂಟ್ ಎಂದರೆ ಹಿಮ ಬೀಳುವ ದೇಶದವರ ಸಾಮಾನು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅದು ಕುದಿಯುವ ಬಿಂದುವನ್ನೂ ಮೇಲೆತ್ತುತ್ತದೆ, ಒಳಗಿನ ಲೋಹ ಸವೆಯದಂತೆಯೂ ತಡೆಯುತ್ತದೆ. ಅದರ ಅಗತ್ಯ ಲಂಡನ್ನಿಗಿಂತ ಕೂಡ್ಲಿಗಿಗೆ ಕಡಿಮೆಯೇನಲ್ಲ.

ಚಳಿಯ ವಿಷಯಕ್ಕೆ ಬಂದರೆ, ಇಂಡಿಕಾದಂಥ ಹಳೆಯ ಎಂಜಿನ್ನುಗಳಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ನಿನ ಮೇಲೆ ಬೀಳುವುದಿಲ್ಲ. ಪಕ್ಕದ ಪುಟ್ಟ ಕೋಣೆಯಲ್ಲಿ ಮೊದಲು ಹೊತ್ತಿಕೊಳ್ಳುತ್ತದೆ. ಆ ಕೋಣೆಯನ್ನು ಬೆಚ್ಚಗೆ ಮಾಡಲು ಹೀಟರ್ ಪ್ಲಗ್ ಬೇಕು. ನಮ್ಮ ಬೇಸಿಗೆಯಲ್ಲಿ ನಾಲ್ಕರಲ್ಲಿ ಎರಡು ಸತ್ತಿದ್ದರೂ ಗಾಡಿ ಸ್ಟಾರ್ಟ್ ಆಗುತ್ತದೆ. ಡಿಸೆಂಬರಿನ ನಸುಕಿನಲ್ಲಿ ಗೊತ್ತಾಗುತ್ತದೆ. ಆಗ ಕೆಲವರು ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಹಿಡಿದು ಸೆಲ್ಫ್ ಹೊಡೆಯುತ್ತಾರೆ. ಇದನ್ನು ಮಾಡಲೇಬಾರದು. ಹೊತ್ತಲ್ಲದ ಹೊತ್ತಿನಲ್ಲಿ ಉರಿ ಹತ್ತಿ ಪಿಸ್ಟನ್ ಒಡೆಯಬಹುದು, ಹಿಡಿದ ಕೈಯೂ ಸುಡಬಹುದು. ಪ್ಲಗ್ಗಿನ ತಂತಿ ಕಳಚಿ, ಬ್ಯಾಟರಿಯಿಂದ ಒಂದು ಬಲ್ಬು ಕಟ್ಟಿ ಮುಟ್ಟಿಸಿದರೆ ಸತ್ತ ಪ್ಲಗ್ ಯಾವುದೆಂದು ಐದು ನಿಮಿಷದಲ್ಲಿ ತಿಳಿಯುತ್ತದೆ: ಬಲ್ಬು ಹೊತ್ತಿದರೆ ಅದು ಬದುಕಿದೆ, ಹೊತ್ತದಿದ್ದರೆ ಸತ್ತಿದೆ.

ಡೀಸೆಲ್ಲಿನ ಬಗ್ಗೆ ಒಂದು ತಪ್ಪು ಭಯ ಹಬ್ಬಿದೆ. ಎಂಜಿನ್ನಿಗೆ ಡೀಸೆಲ್ ಒತ್ತಿಕೊಡುವ ರೋಟರಿ ಪಂಪಿನ ಒಳಭಾಗಗಳಿಗೆ ಬೇರೆ ಎಣ್ಣೆ ಇರುವುದಿಲ್ಲ, ಹಾದುಹೋಗುವ ಡೀಸೆಲ್ಲೇ ಅವಕ್ಕೆ ಜಾರುವ ಗುಣ ಕೊಡಬೇಕು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಂದ ಬಿಎಸ್-6 ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ. ಗಂಧಕ ತೆಗೆಯುವಾಗ ಜಾರುಗುಣವೂ ತಗ್ಗುವುದರಿಂದ ಹಳೆಯ ಪಂಪ್ ಹಾಳಾಗುತ್ತದೆಂದು ಹೆದರಿ ಟ್ಯಾಂಕಿಗೆ ಟೂ-ಸ್ಟ್ರೋಕ್ ಎಣ್ಣೆ ಸುರಿಯುವವರಿದ್ದಾರೆ. ಆ ಜಾರುಗುಣಕ್ಕೂ ನಮ್ಮ ಮಾನಕದಲ್ಲಿ ಮಿತಿ ಇದೆ, ಅದನ್ನು ಮುಟ್ಟಲು ರಿಫೈನರಿಯವರೇ ಬೇಕಾದದ್ದನ್ನು ಸೇರಿಸಿರುತ್ತಾರೆ. ಪಂಪ್‌ಗಳನ್ನು ನಿಜವಾಗಿ ಕೊಲ್ಲುವುದು ಹೊಲದ ಮನೆಯಲ್ಲಿಟ್ಟ ಪ್ಲಾಸ್ಟಿಕ್ ಕ್ಯಾನು. ಟ್ರ್ಯಾಕ್ಟರಿಗೆಂದು ತಂದಿಟ್ಟ ಡೀಸೆಲ್ಲಿನ ಆ ಕ್ಯಾನಿನಲ್ಲಿ ರಾತ್ರಿಯ ತಂಪಿಗೆ ನೀರು ಕಟ್ಟುತ್ತದೆ, ಮುಚ್ಚಳದ ಅಂಚಿನಿಂದ ಎರೆಮಣ್ಣಿನ ದೂಳು ಇಳಿಯುತ್ತದೆ. ಅದನ್ನೇ ಕಾರಿಗೂ ಸುರಿಯುತ್ತೇವೆ. ಡೀಸೆಲ್ ಫಿಲ್ಟರಿನ ತಳದಲ್ಲಿರುವ ತಿರುಪನ್ನು ಆಗಾಗ ಸಡಿಲಿಸಿ ನೀರು ಬಸಿಯುವುದು ಮಕ್ಕಳೂ ಮಾಡಬಹುದಾದ ಕೆಲಸ. ಆ ತಿರುಪಿಗೆ ಕೈ ಹಚ್ಚಿದ ಗುರುತು ಹಳೆಯ ಗಾಡಿಗಳಲ್ಲಿ ಕಾಣುವುದು ಅಪರೂಪ.

ಪಂಪ್ ಮತ್ತು ನಾಝಲ್ ಮಾತ್ರ ಅಂಗಳದ ಕೆಲಸವಲ್ಲ. ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಬೀಳಬಾರದು. 1951ರಲ್ಲಿ ಶುರುವಾದ ಮೈಕೊ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಡೀಸೆಲ್ ಪಂಪ್, ನಾಝಲ್ ತಯಾರಿಸುತ್ತಿತ್ತು. 2008ರಲ್ಲಿ ಅದು ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಮೈಕ್ರಾನುಗಳ ಲೆಕ್ಕದಲ್ಲಿ ಹೊಂದಿಸಿದ ಭಾಗಗಳಿವು. ಅವನ್ನು ಪರೀಕ್ಷೆಯ ಬೆಂಚಿನ ಮೇಲೆ ಕೂರಿಸಿ, ಪ್ರತಿ ನಾಝಲ್ಲಿಗೂ ಸಮನಾಗಿ ಡೀಸೆಲ್ ಹೋಗುತ್ತಿದೆಯೇ ಎಂದು ಅಳೆದು ಹದಗೊಳಿಸುವ ಅಂಗಡಿಗಳು ಲಾರಿ ಹೆಚ್ಚಿರುವ ಪಟ್ಟಣಗಳಲ್ಲಿವೆ. ಮನೆಯವರ ಕೆಲಸ ಅದನ್ನು ಜೋಪಾನವಾಗಿ ಬಿಚ್ಚಿ ಒಯ್ಯುವುದು, ಗುರುತು ತಪ್ಪದಂತೆ ತಂದು ಕೂಡಿಸುವುದು, ಅಷ್ಟೆ. ತನ್ನ ಕೈಗೆ ಎಲ್ಲಿ ಮಿತಿ ಇದೆ ಎಂದು ತಿಳಿದವನನ್ನು ನಾನು ಒಳ್ಳೆಯ ಮನೆ ಮೆಕ್ಯಾನಿಕ್ ಎನ್ನುತ್ತೇನೆ.

ಈ ಮಿತಿಯನ್ನು ದಾಟಿದವರು ಮಾಡುವ ಕೇಡು ಅವರ ಗಾಡಿಗೆ ಮುಗಿಯುವುದಿಲ್ಲ. ಎಳೆತ ಹೆಚ್ಚಲಿ ಎಂದು ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಡುತ್ತಾರೆ. ಒಳಗೆ ಬರುವ ಗಾಳಿ ಅಷ್ಟೇ ಇರುವುದರಿಂದ ಹೆಚ್ಚುವರಿ ಡೀಸೆಲ್ ಕಪ್ಪು ಹೊಗೆಯಾಗಿ ಹೊರಬೀಳುತ್ತದೆ, ಶಾಲೆಗೆ ನಡೆದುಹೋಗುವ ಮಕ್ಕಳ ಎದೆಗೆ ಇಳಿಯುತ್ತದೆ. ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಎಮಿಷನ್ ಟೆಸ್ಟಿನಲ್ಲಿ ಹೊಗೆಯ ದಟ್ಟಣೆಯ ಮಿತಿ 65 ಎಚ್‌ಎಸ್‌ಯು. ಏರ್ ಫಿಲ್ಟರ್ ಚೊಕ್ಕಟವಿರುವ, ನಾಝಲ್ ಹದವಾಗಿರುವ ಹಳೆಯ ಎಂಜಿನ್ನಿಗೆ ಇದು ಕಷ್ಟದ ಮಿತಿಯಲ್ಲ. ಗಾಡಿ ಎಷ್ಟೇ ಹಳೆಯದಿರಲಿ, ಕಪ್ಪು ಹೊಗೆ ಕಾರುತ್ತಿದ್ದರೆ ಅದನ್ನು ಚೆನ್ನಾಗಿಟ್ಟಿದ್ದಾರೆ ಎಂದು ನಾನು ಒಪ್ಪುವುದಿಲ್ಲ. ಬಸಿದ ಕರಿ ಎಣ್ಣೆಯ ಮಾತೂ ಇಷ್ಟೇ. ಬೇಲಿಯ ಬುಡಕ್ಕೆ ಸುರಿದದ್ದು ಮಳೆಗೆ ಹಳ್ಳ ಸೇರುತ್ತದೆ. ಡಬ್ಬಿಯಲ್ಲಿ ತುಂಬಿಟ್ಟು, ಹಳೆಯ ಎಣ್ಣೆ ಕೊಳ್ಳುವವರಿಗೆ ಮುಟ್ಟಿಸುವ ಸರ್ವಿಸ್ ಸ್ಟೇಷನ್ನಿಗೆ ಕೊಟ್ಟುಬರಬೇಕು.

ಎಣ್ಣೆ ಬಸಿಯಲು ಕಾರಿನ ಕೆಳಗೆ ಮಲಗುವವರು ಜಾಕಿಯೊಂದನ್ನೇ ನಂಬಬಾರದು, ಸಿಮೆಂಟಿನ ಟೊಳ್ಳು ಬ್ಲಾಕನ್ನಂತೂ ಆಸರೆಗೆ ಇಡಲೇಬಾರದು. ಅದು ಬಿರುಕು ಬಿಡುವ ಮುನ್ನ ಸದ್ದು ಮಾಡುವುದಿಲ್ಲ. ಸ್ಟ್ಯಾಂಡ್ ಇಲ್ಲದಿದ್ದರೆ ಗಟ್ಟಿ ಮರದ ದಿಮ್ಮಿ ವಾಸಿ.

ಟೈಮಿಂಗ್ ಬೆಲ್ಟಿನ ವಿಷಯದಲ್ಲಿ ನಮ್ಮ ಕಸುಬಿನ ದೌರ್ಬಲ್ಯ ಇನ್ನೂ ಸ್ಪಷ್ಟವಾಗುತ್ತದೆ. ಇಂಡಿಕಾ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ, ಎಂಜಿನ್ನಿನ ಮೇಲ್ಭಾಗವೆಲ್ಲ ಬಿಚ್ಚಬೇಕಾಗುತ್ತದೆ. ಕೈಪಿಡಿಯಲ್ಲಿ ಬೆಲ್ಟಿಗೆ ಕಿಲೋಮೀಟರಿನ ಲೆಕ್ಕವಿರುತ್ತದೆ. ಹಳ್ಳಿಯ ಕಾರು ವರ್ಷಕ್ಕೆ ಓಡುವುದು ಕಡಿಮೆ, ಆದ್ದರಿಂದ ಬೆಲ್ಟಿಗೆ ಇನ್ನೂ ಕಾಲವಿದೆ ಎಂದುಕೊಳ್ಳುತ್ತಾರೆ. ನಿಂತಲ್ಲೇ ನಿಂತರೂ ರಬ್ಬರು ಶಾಖಕ್ಕೆ ಒಣಗಿ ಸೆಟೆಯುತ್ತದೆ, ವರ್ಷವನ್ನೂ ಎಣಿಸಬೇಕು. ಎಣಿಸಲು ಹಾಕಿದ ದಿನ ಗೊತ್ತಿರಬೇಕಲ್ಲ? ಡೇರಿಗೆ ಹಾಕಿದ ಹಾಲನ್ನು ಹೊತ್ತುಹೊತ್ತಿಗೆ ಬರೆದಿಡುವ ಮನೆಗಳಲ್ಲೇ ಕಾರಿಗೆ ಎಣ್ಣೆ ಬದಲಿಸಿದ್ದು ಯಾವಾಗ ಎಂದು ಕೇಳಿದರೆ ‘ದೀಪಾವಳಿ ಮುಂಚೆ ಇರಬೇಕ್ರಿ’ ಎನ್ನುತ್ತಾರೆ. ಯಾವ ದೀಪಾವಳಿ ಎಂಬುದು ಅವರಿಗೂ ಗೊತ್ತಿರುವುದಿಲ್ಲ. ಹತ್ತು ರೂಪಾಯಿಯ ನೋಟ್‌ಬುಕ್ಕಿನಲ್ಲಿ ತಾರೀಖು, ಮೀಟರಿನ ಅಂಕಿ, ಹಾಕಿದ ಸಾಮಾನು ಬರೆದಿಟ್ಟವರ ಗಾಡಿ, ಪಾನದಲ್ಲಿ ಅವರಿಗಿಂತ ಹತ್ತು ಪಟ್ಟು ಚುರುಕಾದವರ ಗಾಡಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಹಾಗಾದರೆ ಇಂಥ ಗಾಡಿಯನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು? ಹದಿನೈದು ವರ್ಷ ದಾಟಿದ ಸ್ವಂತ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಿಂದ ಇಪ್ಪತ್ತು ವರ್ಷ ದಾಟಿದ ಕಾರಿಗೆ ಅದು 10,000 ಆಯಿತು. ಮೊದಲ ಮರೀನಾಗಳೆಲ್ಲ ಈಗ ಈ ಗೆರೆ ದಾಟಿವೆ. ಹೊಸಪೇಟೆಯ ಆರ್‌ಟಿಒ ಕಚೇರಿಗೆ ಗಾಡಿ ಒಯ್ಯುವ ಮುನ್ನ ಬಣ್ಣ ಹೊಡೆಸುವುದು, ಟೈರಿಗೆ ಕಪ್ಪು ಬಳಿಯುವುದು ಎಲ್ಲರೂ ಮಾಡುತ್ತಾರೆ. ನಾನಾದರೆ ಮೊದಲು ನಾಲ್ಕೂ ಹೀಟರ್ ಪ್ಲಗ್ ಬಿಚ್ಚಿ, ಆ ತೂತುಗಳಿಗೆ ಕಂಪ್ರೆಷನ್ ಗೇಜ್ ಕೂಡಿಸಿ ಒಂದೊಂದು ಸಿಲಿಂಡರನ್ನೂ ಅಳೆಸುತ್ತೇನೆ. ನಾಲ್ಕೂ ಅಂಕಿಗಳು ಕೈಪಿಡಿಯ ಮಿತಿಯೊಳಗೆ, ಒಂದಕ್ಕೊಂದು ಹತ್ತಿರ ಇದ್ದರೆ ಶುಲ್ಕ ಕಟ್ಟಲು ಅಡ್ಡಿಯಿಲ್ಲ. ಒಂದು ತೀರ ಕೆಳಗಿದ್ದರೆ ಆ ಸಿಲಿಂಡರಿಗೆ ಚಮಚದಷ್ಟು ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಅಂಕಿ ಏರಿದರೆ ರಿಂಗು ಸವೆದಿದೆ, ಗಾಡಿ ಬೋರಿಗೆ ಬಂದಿದೆ ಎಂದು ಅರ್ಥ, ಆ ಖರ್ಚನ್ನು ಶುಲ್ಕದ ಜೊತೆ ಕೂಡಿಸಿ ನೋಡಬೇಕು. ಏರದಿದ್ದರೆ ತೊಂದರೆ ವಾಲ್ವಿನಲ್ಲೋ ಹೆಡ್ ಗ್ಯಾಸ್ಕೆಟ್ಟಿನಲ್ಲೋ ಇದೆ. ಹೆಡ್ ಇಳಿಸಿ ನೋಡಿದರೆ ಅಲ್ಲಿಯೂ ಬೋರಿನ ನೀರಿನ ಬಿಳಿ ಪೊರೆ ಸಿಗುವ ಸಂಭವವೇ ಹೆಚ್ಚು.